ಹಸುವಿಗೆ ಕೊಟ್ಟ ನೀರು

ಮೊನ್ನೆ ಅಟ್ಟ ಗುಡಿಸುವಾಗ 2023ರ ಲೆಕ್ಕದ ಪುಸ್ತಕ ಸಿಕ್ಕಿತು. ಎಡಬದಿಯಲ್ಲಿ ಡೈರಿಗೆ ಹಾಕಿದ ಹಾಲು, ಬಲಬದಿಯಲ್ಲಿ ಖರ್ಚು. ಸೆಪ್ಟೆಂಬರ್ ತಿಂಗಳ ಕೊನೆಯ ಪುಟಗಳಲ್ಲಿ ದಿನವೂ ‘ನೀರು, 6 ಬಿಂದಿಗೆ’ ಎಂದು ಬರೆದುಕೊಂಡಿದ್ದೇನೆ. ಹಣ ಬರೆಯಬೇಕಾದ ಕಡೆ ಬರೀ ಅಡ್ಡಗೆರೆ.

ನಮ್ಮೂರು ಮದ್ದೂರು ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದಲ್ಲಿದೆ. ಮೇಲಿನವರ ಗದ್ದೆಗಳು ಕುಡಿದು ಉಳಿಸಿದ್ದು ನಮ್ಮ ಪಾಲು. ಕನ್ನಂಬಾಡಿ ಕಟ್ಟೆ, ಅಂದರೆ ಕೆ.ಆರ್.ಎಸ್. ಅಣೆಕಟ್ಟು, ತುಂಬಿದರೆ 124.80 ಅಡಿ, ಈ ಲೆಕ್ಕ ನಮ್ಮ ಕಡೆಯ ಮಕ್ಕಳಿಗೆ ಮಗ್ಗಿಗಿಂತ ಮೊದಲೇ ಬಾಯಿಗೆ ಬರುತ್ತದೆ. ಆ ವರ್ಷ ಮುಂಗಾರು ಕೈಕೊಟ್ಟು, ಸೆಪ್ಟೆಂಬರಿನಲ್ಲಿ ಮಟ್ಟ ನೂರು ಅಡಿಯ ಆಸುಪಾಸಿನಲ್ಲಿತ್ತು. ಅದರ ಮೇಲೆ ತಮಿಳುನಾಡಿಗೆ ನೀರು ಬಿಡಬೇಕೆಂಬ ಆದೇಶ. 23ರಂದು ಮಂಡ್ಯ ಬಂದ್ ಆಯಿತು. ನಮ್ಮ ಯಜಮಾನರೂ ಹೋಗಿ ಸಂಜಯ ವೃತ್ತದಲ್ಲಿ ಕುಳಿತು, ಕೂಗಿ, ಗಂಟಲು ಕಟ್ಟಿಸಿಕೊಂಡು ರಾತ್ರಿ ಬಂದರು. ಬಿಸಿನೀರು ಕಾಯಿಸಿ ಕೊಟ್ಟೆ. ಎರಡು ದಿನ ಅವರು ಮಾತನಾಡಲಿಲ್ಲ. ಅದು ಗಂಟಲಿನಿಂದ ಮಾತ್ರ ಅಲ್ಲ ಎಂದು ನನಗೆ ಗೊತ್ತಿತ್ತು.

ಒಂದೂವರೆ ಎಕರೆ ಕಬ್ಬು ಗಣ್ಣು ಕಟ್ಟುವ ಹೊತ್ತಿನಲ್ಲೇ ಒಣಗಿ ನಿಂತಿತ್ತು. ನಮ್ಮ ಕೊಳವೆಬಾವಿ ಗಾಳಿ ಕಕ್ಕತೊಡಗಿತು. ಕೊನೆಗೆ ಅರ್ಧ ಕಬ್ಬನ್ನು ಕಡಿದು ಹಸುಗಳ ಮುಂದೆ ಹಾಕಿದೆವು. ಆಲೆಮನೆಗೆ ಹೋಗಿ ಬೆಲ್ಲವಾಗಬೇಕಾಗಿದ್ದನ್ನು ದನಕ್ಕೆ ಹಾಕುವಾಗ ಕೈ ತಡೆಯುತ್ತದೆ. ಹಸುಗಳಿಗೆ ಅಂಥ ಸಂಕೋಚವೇನೂ ಇರಲಿಲ್ಲ, ಸಿಹಿ ಎಂದು ಚಪ್ಪರಿಸಿ ತಿಂದವು.

ಸೀಮೆಹುಲ್ಲು ಒಣಗಿದ ಮೇಲೆ ಡೈರಿಯಲ್ಲಿ ಹಾಲಿಗೆ ಡಿಗ್ರಿ, ಅಂದರೆ ಗಟ್ಟಿತನದ ಅಳತೆ, ಬರಲಿಲ್ಲ. ಎರಡು ದಿನ ಕ್ಯಾನಿನ ಸಮೇತ ವಾಪಸು ಬಂದೆ. ಮನೆಗೆ ಬಂದು ಮೊಸರಿಗೆ ಹೆಪ್ಪು ಹಾಕಿದೆ. ಆ ವಾರ ಮೂರು ಹೊತ್ತೂ ಮಜ್ಜಿಗೆಯೇ. ಆ ಹೊತ್ತಿಗೆ ಮನೆ ನಡೆಯುತ್ತಿದ್ದದ್ದು ಹಾಲಿನ ದುಡ್ಡಿನಿಂದ. ಸ್ತ್ರೀಶಕ್ತಿ ಸಂಘದ ಕಂತು, ಮಗಳ ಬಸ್ ಪಾಸು, ಅತ್ತೆಯವರ ಸಕ್ಕರೆ ಕಾಯಿಲೆಯ ಮಾತ್ರೆ, ಎಲ್ಲವೂ ಅದರಿಂದಲೇ. ಹಸುಗಳಿಗೆ ಹೊಟ್ಟೆತುಂಬ ನೀರಿಲ್ಲದಿದ್ದರೆ ಹಾಲೂ ಇಲ್ಲ.

ನೀರಿದ್ದದ್ದು ದಾಯಾದಿ ಮನೆಯ ಅಕ್ಕನ ಕೊಳವೆಬಾವಿಯಲ್ಲಿ. ಅವರ ಮನೆಗೂ ನಮಗೂ ಆಗ ನಾಲ್ಕು ವರ್ಷದಿಂದ ಮಾತಿರಲಿಲ್ಲ. ಕಾರಣ ಒಂದು ಬದು, ಅದರ ಮೇಲಿನ ಒಂದು ತೆಂಗಿನಮರ. ಯಾರು ಸರಿ ಎಂದು ಈಗ ನನ್ನನ್ನು ಕೇಳಿದರೆ ನಾವೇ ಎನ್ನುತ್ತೇನೆ, ಅದು ಬೇರೆ ಮಾತು.

ನಾನು ಯಾರ ಮುಂದೆಯೂ ಕೈ ಚಾಚಿದವಳಲ್ಲ. ತವರಿನಲ್ಲಿ ಕಲಿತದ್ದೇ ಹಾಗೆ: ಹಸಿದರೆ ಬಾಗಿಲು ಹಾಕಿಕೊಂಡು ಹಸಿಯಬೇಕು, ಊರಿಗೆ ಗೊತ್ತಾಗಬಾರದು. ಅದನ್ನು ಮರ್ಯಾದೆ ಎಂದುಕೊಂಡಿದ್ದೆ. ಆದರೆ ಕೊಟ್ಟಿಗೆಯಲ್ಲಿ ಗೌರಿ ಬರಿಬಾನಿಗೆ ಮೂತಿ ಹಾಕಿ ನೆಕ್ಕುವುದನ್ನು ನೋಡಿದ ಮೇಲೆ ಬಾಗಿಲು ಹಾಕಿಕೊಳ್ಳಲು ಆಗಲಿಲ್ಲ. ಯಜಮಾನರಿಗೂ ಹೇಳದೆ, ಬೆಳಗಿನ ಜಾವ ಬಿಂದಿಗೆ ಹಿಡಿದು ಹೋದೆ. ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ಅಕ್ಕನನ್ನು ನೋಡಿದ ಕೂಡಲೇ ಎಲ್ಲ ಮರೆತು, ‘ಅಕ್ಕ, ಹಸುಗಳಿಗೆ ನೀರು ಬೇಕು’ ಎಂದಷ್ಟೇ ಬಂತು.

ಅಕ್ಕ ಬಾಗಿಲಿಗೆ ನೀರು ಚಿಮುಕಿಸುತ್ತಿದ್ದವರು ನನ್ನನ್ನು ನೋಡದೆಯೇ ಹೇಳಿದರು: ‘ಹಿಡಿದುಕೊಂಡು ಹೋಗು. ಹಸುವಿಗೆ ಕೊಡುತ್ತಿದ್ದೇನೆ, ನಿನಗಲ್ಲ.’

ಮನೆಗೆ ಬಂದು ನಕ್ಕೆನೋ ಅತ್ತೆನೋ ನೆನಪಿಲ್ಲ. ಅಂದಿನಿಂದ ದಿನಕ್ಕೆ ಆರು ಬಿಂದಿಗೆ. ಮೊದಲ ವಾರ ಮಾತಿಲ್ಲ. ಎರಡನೆಯ ವಾರ, ‘ಕರೆಂಟು ಮೂರು ಗಂಟೆಗೆ ಬರುತ್ತದೆ, ಆಗ ಬಾ’ ಎಂದರು. ಅಕ್ಟೋಬರಿನಲ್ಲಿ ಅತ್ತೆಯವರಿಗೆ ಜ್ವರ ಬಂದಾಗ ಅವರ ಮಗನೇ ಆಟೋ ತಂದು ನಿಲ್ಲಿಸಿದ. ಹಾಗೆಂದು ಎಲ್ಲರೂ ಹೀಗೆಯೇ ಇದ್ದರು ಎನ್ನಲಾರೆ. ಹತ್ತಿರದ ನೆಂಟರೊಬ್ಬರು ಫೋನ್ ಎತ್ತುವುದನ್ನೇ ಬಿಟ್ಟರು. ಒಂದು ಹಸುವನ್ನು ಸಂತೆಯಲ್ಲಿ ಅಗ್ಗಕ್ಕೆ ಮಾರಿದೆವು. ಅದು ಗಾಡಿ ಹತ್ತುವಾಗ ನಾನು ಒಳಗೆ ಹೋಗಿ ಅಕ್ಕಿ ಆರಿಸುತ್ತಾ ಕುಳಿತೆ. ಆ ದಿನವನ್ನು ಹೊಗಳಿ ಬರೆಯಲು ನನಗೆ ಬರುವುದಿಲ್ಲ.

ಕೇಳುವುದು ಒಮ್ಮೆ ಕಲಿತ ಮೇಲೆ ಸುಲಭವಾಯಿತು. ಸಂಘದಲ್ಲಿ ಕಂತಿಗೆ ಒಂದು ತಿಂಗಳ ಬಿಡುವು ಕೇಳಿದೆ. ನಾನು ಬಾಯಿ ತೆರೆದದ್ದೇ ತಡ, ಇನ್ನೂ ಮೂವರು ತಮಗೂ ಬೇಕೆಂದರು. ಅಲ್ಲಿಯವರೆಗೆ ಎಲ್ಲರೂ ಬಾಗಿಲು ಹಾಕಿಕೊಂಡೇ ಕುಳಿತಿದ್ದರು.

ಮರುವರ್ಷ ಜುಲೈನಲ್ಲಿ ಕನ್ನಂಬಾಡಿ ತುಂಬಿತು. 29ರಂದು ಮುಖ್ಯಮಂತ್ರಿ ಬಾಗಿನ ಬಿಟ್ಟದ್ದನ್ನು ನಾವಿಬ್ಬರೂ, ಅಕ್ಕನೂ ನಾನೂ, ಅವರ ಮನೆಯ ಟಿವಿಯಲ್ಲಿ ನೋಡಿದೆವು. ಜಾಹೀರಾತು ಬಂದಾಗ ಅವರು ಬದುವಿನ ಮಾತೆತ್ತಿದರು. ನಾನೂ ಬಿಡಲಿಲ್ಲ. ಸರ್ವೆಗೆ ಅರ್ಜಿ ಹಾಕಿದ್ದಾರೆ, ಹಾಕಲಿ.

ಕಳೆದ ವಾರ ಗೌರಿ ಕರು ಹಾಕಿದಳು. ಮೊದಲ ಗಿಣ್ಣನ್ನು ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ, ದೊಡ್ಡ ಡಬ್ಬಿಯಲ್ಲಿ ಅಕ್ಕನ ಮನೆಗೆ ಕಳಿಸಿದೆ. ‘ಅಕ್ಕನಿಗಲ್ಲ, ಮಕ್ಕಳಿಗೆ’ ಎಂದು ಹೇಳಿ ಬರುವಂತೆ ಮಗಳಿಗೆ ತಾಕೀತು ಮಾಡಿದ್ದೆ. ಡಬ್ಬಿ ಇನ್ನೂ ಬಂದಿಲ್ಲ. ಬರಿದಾಗಿ ಕಳಿಸಬಾರದೆಂದು ಅವರೆಕಾಯಿ ಬಲಿಯಲಿ ಎಂದು ಕಾಯುತ್ತಿದ್ದಾರೋ ಏನೋ.