ಮನೆ ಕಟ್ಟುವ ಕೆಲಸಕ್ಕೆ ಗ್ರೈಂಡರ್: ಮೊದಲು ಡಿಸ್ಕ್, ಆಮೇಲೆ ಮಷೀನ್

ಕಂಬಿ, ಟೈಲ್ಸ್, ಕಲ್ಲು ಕತ್ತರಿಸುವ, ತೀಡುವ ಆಂಗಲ್ ಗ್ರೈಂಡರಿನ ಮಾತಿದು. ಹಾರ್ಡ್‌ವೇರ್ ಅಂಗಡಿಯಲ್ಲಿ "ಒಂದು ಒಳ್ಳೆ ಗ್ರೈಂಡರ್ ಕೊಡಿ" ಎಂದರೆ ಕೈಗೆ ಬರುವುದು ನಾಲ್ಕಿಂಚಿನ ಮಷೀನ್, ನಾವು ಸೈಟಿನಲ್ಲಿ ಎಜಿ-ಫೋರ್ ಅನ್ನುವುದು. ಗಿರಾಕಿ ಕೇಳುವ ಮೊದಲ ಪ್ರಶ್ನೆ "ಎಷ್ಟು ವ್ಯಾಟ್?" ಎರಡನೆಯದು "ರೇಟ್ ಎಷ್ಟು?" ಕೇಳಬೇಕಾದ್ದು ಬೇರೆಯೇ ಇದೆ: ಇದಕ್ಕೆ ಯಾವ ಡಿಸ್ಕ್ ಹಾಕುತ್ತೇನೆ, ಅದರಿಂದ ಏನು ಕತ್ತರಿಸುತ್ತೇನೆ, ಎಷ್ಟು ಆಳ ಹೋಗಬೇಕು? ಈ ಮೂರಕ್ಕೆ ಉತ್ತರ ಸಿಕ್ಕರೆ ಮಷೀನ್ ತಾನಾಗಿಯೇ ಆಯ್ಕೆಯಾಗುತ್ತದೆ.

ಆಳದಿಂದ ಶುರು ಮಾಡೋಣ. ಡಿಸ್ಕಿನ ಅಗಲದಲ್ಲಿ ನಡುವಿನ ಫ್ಲ್ಯಾಂಜ್ (ಡಿಸ್ಕನ್ನು ಒತ್ತಿ ಹಿಡಿಯುವ ಲೋಹದ ಬಿಲ್ಲೆ) ಅಗಲ ಕಳೆದು ಅರ್ಧ ಮಾಡಿದರೆ ಬರುವುದೇ ಕತ್ತರಿಸುವ ಆಳ. 100 ಮಿ.ಮೀ. ಡಿಸ್ಕಿನಲ್ಲಿ ಫ್ಲ್ಯಾಂಜ್ 40 ಮಿ.ಮೀ. ಎಂದಿಟ್ಟುಕೊಂಡರೆ ಲೆಕ್ಕಕ್ಕೆ 30. ಮಷೀನಿನ ಮುಂದಿನ ತಲೆ, ಅಂದರೆ ಗೇರ್ ಹೆಡ್, ಅಡ್ಡ ಬರುವುದರಿಂದ ಕೈಗೆ ಸಿಗುವುದು 25ರ ಆಸುಪಾಸು. ತೆಳು ಕಟಿಂಗ್ ಡಿಸ್ಕ್ ಸವೆದು 80 ಮಿ.ಮೀ.ಗೆ ಇಳಿದರೆ ಅದೂ ಇಲ್ಲ. ಟೈಲ್ಸಿಗೆ, 18-20 ಮಿ.ಮೀ. ಗ್ರಾನೈಟ್‌ಗೆ, 8ರಿಂದ 16 ಮಿ.ಮೀ. ಕಂಬಿಗೆ, ಗ್ರಿಲ್ಲಿನ ವೆಲ್ಡಿಂಗ್ ತೀಡುವುದಕ್ಕೆ ಇಷ್ಟು ಸಾಕು. ಎಲೆಕ್ಟ್ರಿಷಿಯನ್ ಕೆಲಸಕ್ಕೆ ಸಾಲದು. ವೈರ್ ಹೋಗುವ 25 ಮಿ.ಮೀ. ಕಾಂಡ್ಯೂಟ್ ಪೈಪ್ ಗೋಡೆಯೊಳಗೆ ಪೂರ್ತಿ ಕೂರಬೇಕು, ಅದರ ಮೇಲೆ ಪ್ಲಾಸ್ಟರಿಂಗ್ ಬರಬೇಕು. ಗ್ರೂವ್ 30 ಮಿ.ಮೀ. ದಾಟಲೇಬೇಕು. ನಾಲ್ಕಿಂಚಿನ ಮಷೀನಿನಲ್ಲಿ ಎರಡು ಗೆರೆ ಹೊಡೆದು ಉಳಿದದ್ದನ್ನು ಉಳಿಯಿಂದ ಒಡೆದರೆ ಸಾಲಿಡ್ ಬ್ಲಾಕ್ ಅಂಚು ಪುಡಿಯಾಗುತ್ತದೆ, ನಾಲ್ಕಿಂಚಿನ ಗೋಡೆಯಾದರೆ ಆಚೆ ಬದಿಗೂ ಬಿರುಕು ಹೋಗುತ್ತದೆ. ಅಲ್ಲಿಗೆ 125 ಮಿ.ಮೀ. ಮಷೀನೇ ಬೇಕು. ಒಂದೇ ಮಷೀನ್ ಕೊಳ್ಳುವ ಹಣವಿದ್ದು ಎಲ್ಲ ಕೆಲಸವೂ ಆಗಬೇಕೆಂದರೆ ನಾವು ಹೇಳುವುದು ಈ ಐದಿಂಚನ್ನೇ, 900 ವ್ಯಾಟ್ ಮೇಲಿನದು. ದಿನವಿಡೀ ಗ್ರಿಲ್ ತೀಡುವವರಿಗೆ ಮಾತ್ರ ಹಗುರವಾದ ನಾಲ್ಕಿಂಚೇ ಸರಿ, ಎರಡು ಕೆ.ಜಿ. ಒಳಗಿನ ಮಷೀನ್ ತಲೆಯ ಮೇಲೆ ಎತ್ತಿ ಹಿಡಿದಾಗ ಅದರ ಬೆಲೆ ತೋಳಿಗೆ ಗೊತ್ತಾಗುತ್ತದೆ.

ಏಳು ಮತ್ತು ಒಂಬತ್ತಿಂಚಿನ ಮಷೀನುಗಳು ಬೇಕಾಗುವುದು ಸೈಜುಗಲ್ಲು, ಜಂಬಿಟ್ಟಿಗೆ ಕಲ್ಲು, ಕಾಂಕ್ರೀಟ್ ಸ್ಲ್ಯಾಬ್ ಕತ್ತರಿಸುವಾಗ. ಒಂಬತ್ತಿಂಚಿನದು ಐದು ಕೆ.ಜಿ. ಆಸುಪಾಸು ತೂಗುತ್ತದೆ. ಒಂದು ಮನೆಗೆಂದು ಅದನ್ನು ಕೊಳ್ಳುವ ಬದಲು ಬಾಡಿಗೆಗೆ ತನ್ನಿ. ಫೌಂಡೇಶನ್ನಿನಿಂದ ತಾರಸಿಯವರೆಗಿನ ಅಷ್ಟೂ ಕಂಬಿ ಕತ್ತರಿಸುವುದಕ್ಕೂ ಗ್ರೈಂಡರ್ ಸರಿಯಾದ ಉಪಕರಣವಲ್ಲ. ಅದಕ್ಕೆ ನೆಲದ ಮೇಲಿಟ್ಟು ಹಿಡಿ ಒತ್ತಿ ಕತ್ತರಿಸುವ 14 ಇಂಚಿನ ಚಾಪ್ ಸಾ ಇದೆ.

ಈಗ ನಟ್ಟು ಬಿಚ್ಚಿ ನೋಡೋಣ, ಯಾಕೆಂದರೆ ಎಷ್ಟೋ ಅಪಘಾತಗಳು ಹುಟ್ಟುವುದು ಇಲ್ಲಿ. ನಮ್ಮ ಮಾರುಕಟ್ಟೆಯ 100 ಮಿ.ಮೀ. ಮಷೀನಿನ ಸ್ಪಿಂಡಲ್ (ಡಿಸ್ಕನ್ನು ತಿರುಗಿಸುವ ಶಾಫ್ಟ್) ಎಂ10 ಥ್ರೆಡ್, ಅಂದರೆ 10 ಮಿ.ಮೀ. ಮರೆಯದ್ದು, ಡಿಸ್ಕಿನ ತೂತು 16 ಮಿ.ಮೀ. 125 ಮತ್ತು ಅದಕ್ಕಿಂತ ದೊಡ್ಡದರಲ್ಲಿ ಎಂ14 ಥ್ರೆಡ್, ತೂತು 22.23 ಮಿ.ಮೀ. ಮಾರ್ಬಲ್ ಕಟ್ಟರ್‌ಗೆಂದು ಬರುವ 110 ಮಿ.ಮೀ. ಡೈಮಂಡ್ ಬ್ಲೇಡಿನ ತೂತು 20 ಮಿ.ಮೀ. ಆ ಬ್ಲೇಡನ್ನು ತಂದು ಎಜಿ-ಫೋರ್‌ನಲ್ಲಿ ಕೂರಿಸಿದರೆ ಫ್ಲ್ಯಾಂಜಿನ 16 ಮಿ.ಮೀ. ಗುಬುಟಿನ ಸುತ್ತ ಎರಡು ಮಿ.ಮೀ. ಜಾಗ ಖಾಲಿ. ನಟ್ಟು ಬಿಗಿಯಾಗಿರುತ್ತದೆ, ನೋಡಲು ಸರಿಯಾಗಿರುತ್ತದೆ, ಆದರೆ ಬ್ಲೇಡ್ ನಡುವಿನಿಂದ ಸರಿದು ಕೂತಿರುತ್ತದೆ. ಆನ್ ಮಾಡಿದ ಕೂಡಲೇ ಕೈ ನಡುಗುತ್ತದೆ. ಹಾಗೇ ಓಡಿಸಿದರೆ ಬೇರಿಂಗ್ ಹಾಳು, ಬ್ಲೇಡಿನ ಅಂಚಿನ ಕತ್ತರಿಸುವ ತುಂಡು (ಸೆಗ್ಮೆಂಟ್) ಕಿತ್ತು ಹಾರಬಹುದು. ತೂತನ್ನು ಚಿಕ್ಕದು ಮಾಡುವ ಸರಿ ಅಳತೆಯ ರೆಡ್ಯೂಸಿಂಗ್ ರಿಂಗ್ ಸಾಮಾನ್ಯವಾಗಿ ಬ್ಲೇಡಿನ ಜೊತೆಗೇ ಬರುತ್ತದೆ, ಬಿಸಾಡಬೇಡಿ. ವೈರ್ ಸುತ್ತಿ, ವಾಷರ್ ತೀಡಿ ರಿಂಗ್ ಮಾಡಬೇಡಿ. ಮಾರ್ಬಲ್ ಕಟ್ಟರ್ ಬ್ಲೇಡ್ 110 ಮಿ.ಮೀ. ಇರುವುದರಿಂದ ನಾಲ್ಕಿಂಚಿನ ಗಾರ್ಡಿಗೆ (ಡಿಸ್ಕನ್ನು ಮುಚ್ಚುವ ಲೋಹದ ಕವಚ) ತಾಗುತ್ತದೆ, ಆಗ ಗಾರ್ಡನ್ನೇ ಕಳಚುವವರಿದ್ದಾರೆ. 100 ಅಥವಾ 105 ಮಿ.ಮೀ. ಬ್ಲೇಡ್ ಸಿಗುತ್ತದೆ, ಕೇಳಿ ತನ್ನಿ.

ಗಾರ್ಡ್ ತೆಗೆದು ದೊಡ್ಡ ಡಿಸ್ಕ್ ಹಾಕುವುದು ಯಾಕೆ ಜೀವಕ್ಕೆ ಕುತ್ತು ಎಂದು ಲೆಕ್ಕ ಹೇಳುತ್ತದೆ. ಕಟಿಂಗ್ ಡಿಸ್ಕಿನ ಅಂಚು ಸೆಕೆಂಡಿಗೆ 80 ಮೀಟರ್ ವೇಗದ ಮಿತಿಗೆ ತಯಾರಾಗಿರುತ್ತದೆ, ಗಂಟೆಗೆ 288 ಕಿ.ಮೀ. ಡಿಸ್ಕಿನ ಮೇಲೆ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಬರೆದಿರುವುದು ಇದೇ ಲೆಕ್ಕದಲ್ಲಿ: 100 ಮಿ.ಮೀ.ಗೆ ಸುಮಾರು 15,200, 125ಕ್ಕೆ 12,200, 180ಕ್ಕೆ 8,500, 230ಕ್ಕೆ 6,600. ನಾಲ್ಕಿಂಚಿನ ಮಷೀನ್ ಖಾಲಿ ಓಡುವುದೇ 11,000ದ ಆಸುಪಾಸು. ಅದಕ್ಕೆ 180 ಮಿ.ಮೀ. ಡಿಸ್ಕ್ ಕಟ್ಟಿದರೆ ಅಂಚಿನ ವೇಗ ಸೆಕೆಂಡಿಗೆ 103 ಮೀಟರ್ ದಾಟುತ್ತದೆ. ಒಡೆದ ತುಂಡು ಆ ವೇಗದಲ್ಲೇ ಬರುತ್ತದೆ, ತಪ್ಪಿಸಿಕೊಳ್ಳಲು ಮನುಷ್ಯನಿಗೆ ಸಮಯವೇ ಇಲ್ಲ. ಡಿಸ್ಕಿನ ಆರ್‌ಪಿಎಂ ಯಾವಾಗಲೂ ಮಷೀನಿನ ಆರ್‌ಪಿಎಂಗಿಂತ ಹೆಚ್ಚಿರಲಿ.

ಡಿಸ್ಕಿನ ನಡುವಿನ ಲೋಹದ ಉಂಗುರ ನೋಡಿ ಕೊಳ್ಳುವವರು ಬಹಳ ಕಡಿಮೆ. ಅಲ್ಲಿ ತಿಂಗಳು, ವರ್ಷ ಅಚ್ಚಾಗಿರುತ್ತದೆ, ಅದು ಮುಗಿಯುವ ದಿನಾಂಕ. ರೆಸಿನ್ ಅಂಟಿನ ಡಿಸ್ಕ್ ತೇವ ಹೀರುತ್ತದೆ, ತೇವ ಹೀರಿದ ಅಂಟು ಬಲ ಕಳೆದುಕೊಳ್ಳುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಸೈಟಿನ ಶೆಡ್ಡಿನ ನೆಲದ ಮೇಲೆ ಬಿದ್ದಿದ್ದ ಡಿಸ್ಕನ್ನು ದಿನಾಂಕ ಉಳಿದಿದ್ದರೂ ನಂಬಬೇಡಿ. ಮುಚ್ಚಳದ ಡಬ್ಬಿಯಲ್ಲಿ, ಚಪ್ಪಟೆಯಾಗಿ ಇಡಿ. ಹೊಸ ಡಿಸ್ಕ್ ಹಾಕಿದ ಮೇಲೆ ಯಾರ ಕಡೆಗೂ ಮುಖ ಮಾಡದೆ ಒಂದು ನಿಮಿಷ ಖಾಲಿ ಓಡಿಸಿ. ಕಟಿಂಗ್ ಡಿಸ್ಕ್ ಒಂದು-ಒಂದೂವರೆ ಮಿ.ಮೀ. ದಪ್ಪ, ಅದರ ಮೈಯಿಂದ ತೀಡಿದರೆ ಅಡ್ಡ ಬಾಗಿ ಒಡೆಯುತ್ತದೆ. ತೀಡಲು ಆರು ಮಿ.ಮೀ. ಗ್ರೈಂಡಿಂಗ್ ವ್ಹೀಲ್ ಬೇರೆಯೇ ಇದೆ. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಗ್ರೈಂಡರಿಗೆ ಯಾವ ಕಾರಣಕ್ಕೂ ಹಾಕಬಾರದು. ಹಲ್ಲು ಕಚ್ಚಿಕೊಂಡ ಕ್ಷಣಕ್ಕೆ ಮಷೀನ್ ಕೈಯಿಂದ ಎದ್ದು ಕುತ್ತಿಗೆಗೆ, ತೊಡೆಗೆ ಬರುತ್ತದೆ.

ಮಷೀನ್ ಕೈಗೆತ್ತಿಕೊಂಡಾಗ ಮೊದಲು ಸ್ವಿಚ್ ನೋಡಿ. ನಮ್ಮ ಸೈಟುಗಳ ಮಟ್ಟಿಗೆ ವ್ಯಾಟ್‌ಗಿಂತ ಮುಖ್ಯವಾದ ವಿಷಯ ಇದು. ಅಗ್ಗದ ನಾಲ್ಕಿಂಚಿನ ಮಷೀನಿನಲ್ಲಿ ಇರುವುದು ಮುಂದೆ ತಳ್ಳಿ ಲಾಕ್ ಮಾಡುವ ಸ್ಲೈಡ್ ಸ್ವಿಚ್. ಕೆಲಸದ ನಡುವೆ ಕರೆಂಟ್ ಹೋಗುತ್ತದೆ, ಮಷೀನ್ ನಿಲ್ಲುತ್ತದೆ, ಕೆಲಸಗಾರ ಅದನ್ನು ಮರಳಿನ ಮೇಲೆ ಇಟ್ಟು ಟೀಗೆ ಹೋಗುತ್ತಾನೆ. ಸ್ವಿಚ್ ಆನ್ ಸ್ಥಿತಿಯಲ್ಲೇ ಇರುತ್ತದೆ. ಕರೆಂಟ್ ಬಂದ ಕ್ಷಣ ಮಷೀನ್ ನೆಲದ ಮೇಲೆ ಓಡತೊಡಗುತ್ತದೆ, ಪಕ್ಕದಲ್ಲಿ ಯಾರ ಕಾಲಿದೆಯೋ ಅದಕ್ಕೆ ಗೊತ್ತಿಲ್ಲ. ಒತ್ತಿ ಹಿಡಿದರಷ್ಟೇ ಓಡುವ ಪ್ಯಾಡಲ್ ಸ್ವಿಚ್ ಇದ್ದರೆ ಈ ಭಯವಿಲ್ಲ. ಸ್ಲೈಡ್ ಸ್ವಿಚ್ಚೇ ಬೇಕೆಂದರೆ ರೀಸ್ಟಾರ್ಟ್ ಪ್ರೊಟೆಕ್ಷನ್ ಇರುವ ಮಾಡೆಲ್ ಕೇಳಿ: ಕರೆಂಟ್ ಮರಳಿ ಬಂದರೂ ಸ್ವಿಚ್ ಆಫ್ ಮಾಡಿ ಆನ್ ಮಾಡುವ ತನಕ ಅದು ಏಳುವುದಿಲ್ಲ. ಇದಕ್ಕಾಗಿ ಕೊಡುವ ಹೆಚ್ಚಿನ ಹಣ ದಂಡವಲ್ಲ.

ಮಷೀನ್ ಮೇಲಿನ ವ್ಯಾಟ್ ಅದು ಎಳೆಯುವ ಕರೆಂಟಿನ ಲೆಕ್ಕ, ಡಿಸ್ಕಿಗೆ ತಲುಪುವ ಶಕ್ತಿಯದ್ದಲ್ಲ. ಹೆಸರಿಲ್ಲದ ಮಷೀನಿನ ಮೇಲೆ 1,200 ವ್ಯಾಟ್ ಎಂದು ಬರೆದಿದ್ದರೂ ಕೈಗೆ ತೀರಾ ಹಗುರವಾಗಿದ್ದರೆ ಅನುಮಾನಪಡಿ, ಮೋಟಾರಿನ ತಾಮ್ರಕ್ಕೆ ತೂಕವಿದೆ. ಸ್ಪಿಂಡಲನ್ನು ಕೈಯಿಂದ ಹಿಂದೆ ಮುಂದೆ ಎಳೆದು ನೋಡಿ, ಆಟ ಇರಬಾರದು. ಅಂಗಡಿಯಲ್ಲೇ ಓಡಿಸಿ. ಹಿಂದಿನ ಗಾಳಿ ಕಿಂಡಿಯಲ್ಲಿ ಕಾರ್ಬನ್ (ತಿರುಗುವ ಮೋಟಾರಿಗೆ ಕರೆಂಟ್ ಮುಟ್ಟಿಸುವ ಬ್ರಷ್) ಜಾಗ ಕಾಣುತ್ತದೆ. ಸಣ್ಣ ನೀಲಿ ಕಿಡಿ ಸಹಜ, ಕಾರ್ಬನ್ ಉಜ್ಜುವ ತಾಮ್ರದ ಉರುಳೆ, ಅಂದರೆ ಕಮ್ಯುಟೇಟರ್ ಸುತ್ತ ಬೆಂಕಿಯ ಉಂಗುರ ಕಂಡರೆ ಬೇಡ ಎಂದು ವಾಪಸ್ ಕೊಡಿ. ಗಾರ್ಡ್ ಸ್ಕ್ರೂಡ್ರೈವರ್ ಇಲ್ಲದೆ ತಿರುಗಬೇಕು. ಸ್ಕ್ರೂ ಬಿಚ್ಚಬೇಕಾದ ಗಾರ್ಡನ್ನು ಕೆಲಸಗಾರ ಒಂದು ದಿನ ಬಿಚ್ಚಿ ಮೂಲೆಗೆ ಎಸೆಯುತ್ತಾನೆ. ಆರ್ಮೇಚರ್ (ಮೋಟಾರಿನ ತಿರುಗುವ ಭಾಗ), ಫೀಲ್ಡ್ ಕಾಯಿಲ್ (ಅದರ ಸುತ್ತ ನಿಂತಿರುವ ಸುರುಳಿ), ಗೇರ್ ನಿಮ್ಮ ತಾಲ್ಲೂಕು ಕೇಂದ್ರದಲ್ಲೇ ಸಿಗುತ್ತದೆಯೇ ಎಂದು ವಿಚಾರಿಸಿಕೊಳ್ಳಿ. ದೊಡ್ಡ ಹೆಸರಿನ ಮಷೀನುಗಳ ನಕಲಿ ಬಹಳ ಓಡಾಡುತ್ತಿವೆ, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಎಷ್ಟೋ ಆರ್ಮೇಚರ್ ಸುಡುವುದಕ್ಕೆ ಮಷೀನ್ ಕಾರಣವಲ್ಲ, ವೈರ್ ಕಾರಣ. ಮೋಟಾರನ್ನು ತಣ್ಣಗಿಡುವ ಫ್ಯಾನ್ ಅದೇ ಶಾಫ್ಟಿನ ಮೇಲಿದೆ. ವೋಲ್ಟೇಜ್ ಇಳಿದರೆ ವೇಗ ಇಳಿಯುತ್ತದೆ, ವೇಗ ಇಳಿದರೆ ಗಾಳಿ ಇಳಿಯುತ್ತದೆ. ಕೆಲಸಗಾರ ಇನ್ನಷ್ಟು ಒತ್ತುತ್ತಾನೆ, ಕರೆಂಟ್ ಏರುತ್ತದೆ, ಕಾಯಿಲ್ ಬೇಯುತ್ತದೆ. 30 ಮೀಟರ್ ದೂರಕ್ಕೆ 0.75 ಚದರ ಮಿ.ಮೀ. ತೆಳು ವೈರ್ ಎಳೆದು ಹತ್ತು ಆಂಪಿಯರ್ ಮಷೀನ್ ಓಡಿಸಿದರೆ ವೈರಿನಲ್ಲೇ ಸುಮಾರು 15 ವೋಲ್ಟ್ ಹೋಗುತ್ತದೆ. ತಾತ್ಕಾಲಿಕ ಸಂಪರ್ಕದಲ್ಲಿ ಮೊದಲೇ ವೋಲ್ಟೇಜ್ 200ರ ಕೆಳಗಿದ್ದರೆ ಇನ್ನೇನು ಉಳಿಯಿತು? 2.5 ಚದರ ಮಿ.ಮೀ. ತಾಮ್ರದ ವೈರಿನಲ್ಲಿ ಇದೇ ನಷ್ಟ ಐದು ವೋಲ್ಟ್ ಒಳಗೆ. ಡ್ರಮ್ಮಿಗೆ ಸುತ್ತಿದ ವೈರನ್ನು ಪೂರ್ತಿ ಬಿಚ್ಚಿಯೇ ಬಳಸಿ, ಸುತ್ತಿದಲ್ಲೇ ಬಿಸಿಯಾಗಿ ಕರಗುತ್ತದೆ. ಸೈಟಿನ ಬೋರ್ಡಿನಲ್ಲಿ ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇರಲೇಬೇಕು. ಭಾರಿ ಕಟಿಂಗ್ ಆದ ಮೇಲೆ ಥಟ್ಟನೆ ಆಫ್ ಮಾಡದೆ ಒಂದು ನಿಮಿಷ ಖಾಲಿ ಓಡಿಸಿದರೆ ಒಳಗಿನ ಬಿಸಿ ಹೊರಬರುತ್ತದೆ.

ಬ್ಯಾಟರಿ ಮಷೀನ್ ಒಳ್ಳೆಯದೇ, ಆದರೆ ಎಲ್ಲಿಗೆ ಎಂದು ತಿಳಿದಿರಲಿ. 18 ವೋಲ್ಟ್, 5 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 90 ವ್ಯಾಟ್-ಅವರ್. 700 ವ್ಯಾಟ್ ಎಳೆಯುವ ಕೆಲಸಕ್ಕೆ ಅದು ಏಳೆಂಟು ನಿಮಿಷ. ಕರೆಂಟ್ ಇಲ್ಲದ ತಾರಸಿಯಲ್ಲಿ ನಾಲ್ಕು ಬೋಲ್ಟ್ ಕತ್ತರಿಸಲು ಸಾಕು, ಗೋಡೆ ಕೊರೆಯಲು ಅಲ್ಲ.

ಸರಿಯಾದ ಮಷೀನ್ ಇದ್ದೂ ಸಾಮಾನು ಕೆಡುವ ಜಾಗಗಳಿವೆ. ಬಣ್ಣದ ರೂಫಿಂಗ್ ಶೀಟನ್ನು ಗ್ರೈಂಡರಿನಿಂದ ಕತ್ತರಿಸಬೇಡಿ. ಬಿಸಿಗೆ ಅಂಚಿನ ಸತು ಸುಟ್ಟುಹೋಗುತ್ತದೆ, ಬಿಸಿ ಕಬ್ಬಿಣದ ಪುಡಿ ಬಣ್ಣದೊಳಗೆ ಹುದುಗುತ್ತದೆ, ಒಂದೇ ಮಳೆಗೆ ತುಕ್ಕಿನ ಚುಕ್ಕೆ ಏಳುತ್ತವೆ. ಶೀಟಿಗೆ ಕತ್ತರಿ ಅಥವಾ ತುಸು ತುಸುವೇ ಕಚ್ಚಿ ಕತ್ತರಿಸುವ ನಿಬ್ಲರ್. ಕಿಟಕಿಯ ಗಾಜು ಕೂರಿಸಿದ ಮೇಲೆ ಗ್ರಿಲ್ ತೀಡಿದರೆ ಕಿಡಿ ಗಾಜಿಗೆ ಬೆಸೆದುಕೊಳ್ಳುತ್ತದೆ. ಬಟ್ಟೆಯಿಂದ ಎಷ್ಟು ಉಜ್ಜಿದರೂ ಹೋಗದ ಮರಳಿನಂಥ ಒರಟು ಅಲ್ಲೇ ಉಳಿಯುತ್ತದೆ. ಸ್ಟೇನ್‌ಲೆಸ್ ರೇಲಿಂಗ್‌ಗೆ ಐನಾಕ್ಸ್ ಎಂದು ಬರೆದ ಡಿಸ್ಕ್ ಪ್ರತ್ಯೇಕ ಇಡಿ, ಸಾದಾ ಕಬ್ಬಿಣ ಕತ್ತರಿಸಿದ ಡಿಸ್ಕ್ ತಾಗಿಸಿದರೆ ಸ್ಟೀಲಿಗೂ ತುಕ್ಕು ಬರುತ್ತದೆ. ಅಡುಗೆಮನೆ ಗ್ರಾನೈಟ್‌ನಲ್ಲಿ ಸಿಂಕ್ ಕತ್ತರಿಸುವಾಗ ಮೊದಲು ನಾಲ್ಕು ಮೂಲೆಗೂ ಡ್ರಿಲ್‌ನಲ್ಲಿ ತೂತು ಹಾಕಿ, ಆಮೇಲೆ ಗೆರೆ ಹೊಡೆದು ಆ ತೂತಿಗೆ ಸೇರಿಸಿ. ಗೆರೆಗಳು ಮೂಲೆಯಲ್ಲಿ ಒಂದನ್ನೊಂದು ದಾಟಿದ್ದರೆ, ಕಲ್ಲು ಎತ್ತುವಾಗ ಅಲ್ಲಿಂದಲೇ ಬಿರುಕು ಹೊರಡುತ್ತದೆ. ಅಂಚು ಪಾಲಿಶ್ ಮಾಡುವ ವೆಲ್ಕ್ರೋ ಪ್ಯಾಡಿನ ಮಿತಿ ಸುಮಾರು 4,500 ಆರ್‌ಪಿಎಂ. ಅದಕ್ಕೆ ವೇಗ ಬದಲಿಸುವ ಗಾಲಿ ಇರುವ ಮಷೀನೇ ಬೇಕು.

ಗ್ರಾನೈಟ್, ಕಾಂಕ್ರೀಟ್ ಧೂಳಿನಲ್ಲಿ ಸಿಲಿಕಾ ಇದೆ. ಅದು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್, ಅದಕ್ಕೆ ಗುಣವಾಗುವ ಮದ್ದಿಲ್ಲ. ಮೂಗಿಗೆ ಕಟ್ಟಿದ ಟವೆಲ್ ಕಣ್ಣಿಗೆ ಕಾಣುವ ಧೂಳು ತಡೆಯುತ್ತದೆ, ಒಳಗೆ ಹೋಗುವ ಸಣ್ಣದನ್ನಲ್ಲ. ಕನಿಷ್ಠ ಎನ್95 ಮಾಸ್ಕ್. ನೀರು ಬಿಟ್ಟು ಕತ್ತರಿಸಬೇಕೆಂದರೆ ನೀರಿನ ಪೈಪ್ ಇರುವ ಮಾರ್ಬಲ್ ಕಟ್ಟರ್ ಬಳಸಿ; ಸಾದಾ ಗ್ರೈಂಡರ್ ಮೇಲೆ ಬಾಟಲಿಯಿಂದ ನೀರು ಸುರಿದರೆ ಅದು ಗಾಳಿ ಕಿಂಡಿಯಿಂದ ಮೋಟಾರಿಗೆ ಹೋಗುತ್ತದೆ, ಅಲ್ಲಿಂದ ಕೈಗೆ ಶಾಕ್. ಕನ್ನಡಕದ ಮೇಲೆ ಫೇಸ್ ಶೀಲ್ಡ್ ಹಾಕಿ. ಹೆಗಲ ಮೇಲೆ ಟವೆಲ್ ಬೇಡ, ಡಿಸ್ಕ್ ಅದನ್ನು ಸುತ್ತಿಕೊಂಡು ಮೇಲೇರುತ್ತದೆ. ಕಂಬಿಯನ್ನು ಎರಡೂ ಕಡೆ ಇಟ್ಟಿಗೆ ಕೊಟ್ಟು ನಡುವೆ ಕತ್ತರಿಸಬೇಡಿ. ಕೊನೆಗೆ ಅದು ಕುಸಿದು ಡಿಸ್ಕನ್ನು ಕಚ್ಚುತ್ತದೆ, ಮಷೀನ್ ಒದೆಯುತ್ತದೆ. ಬೀಳುವ ತುದಿ ತೂಗಾಡುತ್ತಿರಲಿ.

ಮಷೀನ್ ಜೊತೆಗೇ ಅದೇ ಮಾಡೆಲಿನ ಒಂದು ಜೊತೆ ಕಾರ್ಬನ್ ಕೊಂಡಿಡಿ. ಐದಾರು ಮಿ.ಮೀ.ಗೆ ಸವೆದಾಗ ಎರಡನ್ನೂ ಒಟ್ಟಿಗೆ ಬದಲಿಸಿ, ಒಂದು ಚೆನ್ನಾಗಿದೆಯೆಂದು ಉಳಿಸಬೇಡಿ. ಹಾಕಿದ ಮೇಲೆ ಹತ್ತು ನಿಮಿಷ ಲೋಡ್ ಇಲ್ಲದೆ ಓಡಿಸಿ, ಕಮ್ಯುಟೇಟರಿಗೆ ಹೊಂದಿಕೊಂಡು ಕಿಡಿ ಕಡಿಮೆಯಾದ ಮೇಲೆ ಕೆಲಸಕ್ಕೆ ಕೊಡಿ.