ಉಪ್ಪು ತಿನ್ನದ ಸಾಫ್ಟ್‌ನರ್

"ನೋಡಪ್ಪ, ನೀರೇನೋ ಗಡುಸು ಬರ್ತಿದೆ, ಆದ್ರೆ ನಿಮ್ಮ ಮಷಿನ್ ಉಪ್ಪು ತಿನ್ನೋದೇ ಇಲ್ಲ. ಅದೊಂದು ಒಳ್ಳೇದು." ಮೊದಲ ವಿಸಿಟ್‌ನಲ್ಲೇ ಮನೆಯಮ್ಮ ಹೀಗಂದಿದ್ದರು. ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಕೂರಿಸಿದವರು ನಾವು. ನಕ್ಕು, ಕಾಫಿ ಕುಡಿದು ಎದ್ದು ಬಂದೆವು. ಕಂಪ್ಲೇಂಟಿಗೆ ಉತ್ತರ ಆ ಮಾತಿನಲ್ಲೇ ಇತ್ತು.

ಸರ್ಜಾಪುರ ರಸ್ತೆ ಕಡೆಯ ಮನೆ, ಪೂರ್ತಿ ಬೋರ್ ನೀರು. ಗಡಸುತನ 620 ಪಿಪಿಎಂ, ಅಂದರೆ ಲೀಟರಿಗೆ 620 ಮಿಲಿಗ್ರಾಂ. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಿತಿ 200. ಬೇರೆ ಮೂಲವೇ ಇಲ್ಲದಿದ್ದರೆ 600. ಐದು ಜನ, ದಿನಕ್ಕೆ ಸುಮಾರು 700 ಲೀಟರ್ ಖರ್ಚು. ಸಾಫ್ಟ್‌ನರಿನಲ್ಲಿ 25 ಲೀಟರ್ ರೆಸಿನ್ (ಗಡಸು ಹಿಡಿಯುವ ಸಣ್ಣ ಮಣಿಗಳು), ತಾನೇ ತಿರುಗುವ ಆಟೊ ವಾಲ್ವ್. ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ಏರುವ ಲೈನಿನಲ್ಲೇ ಕೂರಿಸಿದ್ದೆವು. ತಿಂಗಳು ತುಂಬುವ ಮೊದಲೇ ನಲ್ಲಿ ಮೇಲೆ ಬಿಳಿ ಕಲೆ, ಸೋಪಿಗೆ ನೊರೆ ಇಲ್ಲ.

ಬೋರ್ ನೀರು ಸ್ವಲ್ಪ ಹಳದಿ ಬೇರೆ. ಕಬ್ಬಿಣ ಹಿಡಿದು ರೆಸಿನ್ ಹೋಗಿದೆ ಅಂತ ತೀರ್ಮಾನಿಸಿ, ಆಫೀಸಿನಲ್ಲಿ ಜಗಳ ಮಾಡಿ ಒಂದು ಚೀಲ ಹೊಸ ರೆಸಿನ್ ಪಡೆದು ತುಂಬಿದೆವು. ಕಿಟ್‌ನಲ್ಲಿ ಮೊದಲ ಹನಿಗೇ ನೀಲಿ, ಅಂದರೆ ಗಡಸೇ ಇಲ್ಲ. ಐದು ದಿನ ಸದ್ದಿಲ್ಲ. ಆರನೇ ದಿನ ಮತ್ತೆ ಫೋನ್.

ಆ ಐದು ದಿನವೇ ನಮ್ಮನ್ನು ಮೋಸ ಮಾಡಿದ್ದು. ಹೊಸ ರೆಸಿನ್ ಪೂರ್ತಿ ಸೋಡಿಯಂ ತುಂಬಿಕೊಂಡೇ ಬರುತ್ತದೆ. ಅದನ್ನು ಬಿಟ್ಟುಕೊಟ್ಟು, ಒಂದು ಲೀಟರ್ ರೆಸಿನ್ ಹತ್ತಿರ ಹತ್ತಿರ 100 ಗ್ರಾಂ ಗಡಸು ಹಿಡಿಯುತ್ತದೆ. 25 ಲೀಟರಿಗೆ 2500 ಗ್ರಾಂ, ಅಂದರೆ 620 ಪಿಪಿಎಂ ನೀರು ಸುಮಾರು 4000 ಲೀಟರ್. ದಿನಕ್ಕೆ 700ರಂತೆ ಸುಮಾರು ಐದೂಮುಕ್ಕಾಲು ದಿನ. ಒಂದು ಸಲವೂ ರಿಜೆನರೇಶನ್ (ಉಪ್ಪುನೀರು ಹಾಯಿಸಿ ರೆಸಿನ್ನಿಗೆ ಮತ್ತೆ ಸೋಡಿಯಂ ತುಂಬುವುದು) ಆಗದಿದ್ದರೂ ಅಷ್ಟು ದಿನ ನೀರು ಮೆತ್ತಗೇ ಬರುತ್ತದೆ. ಉಪ್ಪು ಕೊಟ್ಟು ನಡೆಸುವಾಗ ನಂಬಬಹುದಾದ ಲೆಕ್ಕ ಅದರ ಅರ್ಧ, ಲೀಟರಿಗೆ 50 ಗ್ರಾಂ. ಹಾಗಾಗಿ ಇಲ್ಲಿ ಸುಮಾರು 2000 ಲೀಟರ್. ಮೂರು ದಿನದ 2100ಕ್ಕೆ ಅದು ಸಾಲದು, ಎರಡು ದಿನಕ್ಕೊಮ್ಮೆ ರಿಜೆನ್ ಆಗಬೇಕು. ಸಲಕ್ಕೆ ಮೂರೂಮುಕ್ಕಾಲು ಕೆಜಿ ಉಪ್ಪು. ಆದರೆ ಬ್ರೈನ್ (ಉಪ್ಪುನೀರು) ಟ್ಯಾಂಕಿನಲ್ಲಿ ಇನ್‌ಸ್ಟಾಲೇಶನ್ ದಿನ ಸುರಿದ ಮೂಟೆ ಹಾಗೇ ಕೂತಿತ್ತು!

ಮೂರನೇ ವಿಸಿಟ್, ಸಂಜೆ ಏಳು. ಮೋಟಾರ್ ಆಫ್. ವಾಲ್ವನ್ನು ಕೈಯಾರೆ ರಿಜೆನ್‌ಗೆ ಹಾಕಿದೆವು. ಡಿಸ್‌ಪ್ಲೇಯಲ್ಲಿ ಬ್ಯಾಕ್‌ವಾಶ್ 10, 9, 8 ಅಂತ ನಿಮಿಷ ಇಳಿಯುತ್ತಿದೆ. ಡ್ರೈನ್ ಪೈಪಿನಲ್ಲಿ ಒಂದು ತೊಟ್ಟೂ ಇಲ್ಲ. ಉಪ್ಪುನೀರು ಎಳೆದುಕೊಳ್ಳುವ ಬ್ರೈನ್ ಸ್ಟೆಪ್ ಬಂತು. ಟ್ಯೂಬ್ ಬಿಚ್ಚಿ ತುದಿಗೆ ಹೆಬ್ಬೆರಳು ಒತ್ತಿದರೆ ಎಳೆತವೇ ಇಲ್ಲ. ಮನೆಯವರ ಮಗ ಮೊಬೈಲ್ ಟಾರ್ಚ್ ಹಿಡಿದು ನಿಂತಿದ್ದ, ಏನೂ ಕೇಳಲಿಲ್ಲ. ಕೇಳಿದ್ದರೇ ವಾಸಿಯಿತ್ತು. ಮೋಟಾರ್ ಹಾಕಿಸಿದ ತಕ್ಷಣ ಡ್ರೈನ್ ಭೋರ್ ಅಂತು, ಹೆಬ್ಬೆರಳನ್ನು ಟ್ಯೂಬ್ ಕಚ್ಚಿ ಹಿಡಿಯಿತು.

ಎಷ್ಟೋ ವಾಲ್ವ್‌ಗಳಲ್ಲಿ ರಿಜೆನ್ ಸಮಯ ರಾತ್ರಿ 2 ಗಂಟೆಗೆ ಸೆಟ್ ಆಗಿಯೇ ಬರುತ್ತದೆ. ಇಪ್ಪತ್ನಾಲ್ಕು ಗಂಟೆ ಪ್ರೆಶರ್ ಇರುವ ಮನೆಗೆ ಅದು ಸರಿ. ರಾತ್ರಿ 2ಕ್ಕೆ ನಮ್ಮೂರಿನಲ್ಲಿ ಸಂಪ್ ಮೋಟಾರ್ ಯಾರು ಹಾಕುತ್ತಾರೆ? ವಾಲ್ವ್ ಒಣ ಪೈಪಿನಲ್ಲೇ ಎಲ್ಲ ಸ್ಟೆಪ್ ಮುಗಿಸಿ, ಕೌಂಟರನ್ನು ಮತ್ತೆ 2000ಕ್ಕೆ ತಂದು, ಎಲ್ಲ ಸರಿ ಅಂತ ತೋರಿಸುತ್ತಿತ್ತು. ಉಪ್ಪು ಒಳಗೆ ಹೋಯಿತೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ.

ಮೋಟಾರ್ ಓಡುವ ಹೊತ್ತಿಗೆ, ಬೆಳಿಗ್ಗೆ 7ಕ್ಕೆ ಬದಲಾಯಿಸಿದರೂ ಆಗಲ್ಲ. ರಿಜೆನ್‌ಗೆ ಒಂದೂಕಾಲು ಗಂಟೆ ಬೇಕು, ಟ್ಯಾಂಕ್ 40 ನಿಮಿಷಕ್ಕೆ ತುಂಬಿ ಲೆವೆಲ್ ಕಂಟ್ರೋಲರ್ ಮೋಟಾರ್ ಆಫ್ ಮಾಡುತ್ತದೆ. ಉಪ್ಪುನೀರು ರೆಸಿನ್ ಇರುವ ವೆಸಲ್‌ನಲ್ಲೇ ನಿಂತು, ಮುಂದಿನ ಸಲ ಸೀದಾ ಟ್ಯಾಂಕಿಗೆ. ಈ ಲೈನಿನಲ್ಲೇ ಇಡಬೇಕು ಅಂದರೆ ಮ್ಯಾನುಯಲ್ ಮಲ್ಟಿಪೋರ್ಟ್ (ಕೈಯಲ್ಲಿ ತಿರುಗಿಸುವ ವಾಲ್ವ್) ಹಾಕಿ, ಮೋಟಾರ್ ಓಡುವಾಗ ನಿಂತು ತಿರುಗಿಸುವವರು ಬೇಕು. ಎರಡು ದಿನಕ್ಕೊಮ್ಮೆ ಯಾರು ನಿಲ್ಲುತ್ತಾರೆ?

ಕೊನೆಗೆ ತಾರಸಿಗೆ ಸಾಗಿಸಿದೆವು. ಓವರ್‌ಹೆಡ್ ಟ್ಯಾಂಕ್, ಪ್ರೆಶರ್ ಪಂಪ್, ಆಮೇಲೆ ಸಾಫ್ಟ್‌ನರ್. ಟ್ಯಾಂಕ್ ಕೆಳಗೆ ಬರೀ ಗ್ರಾವಿಟಿಯಲ್ಲಿ ಇಟ್ಟರೆ ಚದರ ಸೆಂಟಿಮೀಟರಿಗೆ ಕಾಲು ಕೆಜಿ ಪ್ರೆಶರ್ ಸಿಕ್ಕರೆ ಹೆಚ್ಚು. ವಾಲ್ವಿಗೆ ಒಂದೂವರೆ ಕೆಜಿಯಾದರೂ ಬೇಕು. ಕರೆಂಟ್ ಹೋದಾಗ ಮನೆಗೆ ನೀರು ನಿಲ್ಲದಂತೆ ಪಂಪನ್ನೂ ಸೇರಿಸಿ ಬೈಪಾಸ್ ಲೈನ್ ಕೊಟ್ಟೆವು. ಡ್ರೈನ್ ನೀರು ಕುಂಡಗಳ ಕಡೆ ಹೋಗದಂತೆ ಬೇರೆ ಪೈಪ್. ಗಿಡಕ್ಕೆ ಮೆದು ನೀರೂ ಬೇಡ: 100 ಪಿಪಿಎಂ ಗಡಸು ತೆಗೆದರೆ ಲೀಟರಿಗೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಕುಡಿಯುವುದಕ್ಕೆ ಆರ್‌ಒ ಇರಲಿ. ಟಿಡಿಎಸ್ (ಕರಗಿದ ಒಟ್ಟು ಲವಣ) ಅಳೆಯುವ ಪೆನ್ ಅದ್ದಿ "ಕಮ್ಮಿನೇ ಆಗಿಲ್ಲ" ಅನ್ನುವವರಿಗೂ ಇದೇ ಉತ್ತರ. ಸಾಫ್ಟ್‌ನರ್ ಅಯಾನು ಬದಲಿಸುತ್ತದೆ, ಟಿಡಿಎಸ್ ಇಳಿಸುವುದಿಲ್ಲ.

ನಮ್ಮ ಸರ್ವೆ ಶೀಟಿನಲ್ಲಿ ಬಾತ್‌ರೂಮ್ ಎಷ್ಟು ಅಂತ ಕಾಲಂ ಇದೆ. ಮೋಟಾರ್ ಎಷ್ಟು ಹೊತ್ತಿಗೆ, ಎಷ್ಟು ನಿಮಿಷ ಓಡುತ್ತದೆ ಅಂತ ಇಲ್ಲ. ಸೇರಿಸಿ ಅಂತ ಮೂರು ಸಲ ಮೇಲ್ ಹೋಗಿದೆ; ಸದ್ಯಕ್ಕೆ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತಿದ್ದೇವೆ.

ಮೊನ್ನೆ ಮನೆಯಮ್ಮ ಮತ್ತೆ ಫೋನ್ ಮಾಡಿದ್ದರು. "ಏನಪ್ಪ, 25 ಕೆಜಿ ಮೂಟೆ ಹದಿಮೂರು ದಿನಕ್ಕೇ ಖಾಲಿ. ಮೊದಲೇ ಚೆನ್ನಾಗಿತ್ತು."