50 ಡೆಸಿಬೆಲ್ ಬಂತು ಸರಿ, ಪೀಕ್ ಎಷ್ಟು ಹಾಕಿದ್ರಿ?

ಬೆಂಗಳೂರಿನ ಮೆಡಿಕಲ್ ಇಮೇಜಿಂಗ್ ತಂಡಗಳಿಗೆ ಹೊಸದಾಗಿ ಸೇರಿದವರು ಮೊದಲ ವಾರವೇ ಹಿಡಿದು ತರುವ ಅಂಕಿ ಪಿಎಸ್‌ಎನ್‌ಆರ್. ಪೀಕ್, ಅಂದರೆ ಗರಿಷ್ಠ ಅಂತ ಹಿಡಿದ ಪಿಕ್ಸೆಲ್ ಬೆಲೆ, ದೋಷಕ್ಕಿಂತ ಎಷ್ಟು ದೊಡ್ಡದು ಅಂತ ಡೆಸಿಬೆಲ್‌ನಲ್ಲಿ ಹೇಳುವ ಅಳತೆ ಇದು. "ಸರ್, 50 ದಾಟಿತು" ಅಂತಾರೆ. ಪೀಕ್ ಎಷ್ಟು ಇಟ್ಟಿರಿ ಅಂತ ಕೇಳಿದರೆ ಸುಮ್ಮನಾಗ್ತಾರೆ.

ಲೆಕ್ಕ ಹಾಕಿ ನೋಡಿ. ಹೊಟ್ಟೆಯ ಸಿಟಿಯಲ್ಲಿ ಮೂಲ ಚಿತ್ರಕ್ಕೂ ನಾಯ್ಸ್ (ಚಿತ್ರದ ಮೇಲಿನ ಕಾಳುಕಾಳು) ತೆಗೆದ ಚಿತ್ರಕ್ಕೂ ಆರ್‌ಎಮ್‌ಎಸ್ ದೋಷ (ಪಿಕ್ಸೆಲ್ ವ್ಯತ್ಯಾಸಗಳ ವರ್ಗಗಳ ಸರಾಸರಿಯ ವರ್ಗಮೂಲ) 12 ಹೌನ್ಸ್‌ಫೀಲ್ಡ್ ಯೂನಿಟ್ (ಸಿಟಿ ಚಿತ್ರದ ಪಿಕ್ಸೆಲ್ ಬೆಲೆಯ ಮಾನ) ಇದೆ ಅನ್ನಿ. 12 ಬಿಟ್ ಚಿತ್ರ ಅಂತ ಪೀಕ್ 4095 ಹಾಕಿದರೆ ಉತ್ತರ 50.7 ಡೆಸಿಬೆಲ್. ಡಾಕ್ಟರು ಪರದೆಯಲ್ಲಿ ನೋಡುವ 400 ಯೂನಿಟ್‌ನ ವ್ಯಾಪ್ತಿಯನ್ನೇ (ವಿಂಡೋ) ಪೀಕ್ ಅಂತ ಹಿಡಿದರೆ 30.5. ಚಿತ್ರದ ಒಂದು ಪಿಕ್ಸೆಲ್ಲೂ ಅಲ್ಲಾಡಿಲ್ಲ, 20 ಡೆಸಿಬೆಲ್ ಹೋಯ್ತು! ಲಿವರ್‌ನ ಗಂಟು ಸುತ್ತಲಿಗಿಂತ 20 ಯೂನಿಟ್ ಮಾತ್ರ ಬೇರೆ ಇದ್ದಾಗ 12ರ ದೋಷ ಚಿಕ್ಕದೇನಲ್ಲ. ಇನ್ನು ಡೈಕಾಮ್ ಫೈಲನ್ನು (ಸ್ಕ್ಯಾನರ್ ಕೊಡುವ ಮೂಲ ಫೈಲ್) 8 ಬಿಟ್ ಪಿಎನ್‌ಜಿ ಮಾಡಿ ಅಳೆಯುವವರೂ ಇದ್ದಾರೆ. 4096 ಮಟ್ಟ 256ಕ್ಕೆ ಇಳಿದರೆ ಒಂದೊಂದು ಮೆಟ್ಟಿಲೂ 16 ಯೂನಿಟ್. ಆ ಗಂಟು ಅಲ್ಲೇ ಅರ್ಧ ಕಳೆದುಹೋಯಿತು.

ಎಮ್‌ಆರ್‌ಐಯಲ್ಲಿ ಎಡವುವ ಜಾಗ ಬೇರೆ. ಎಸ್‌ಎನ್‌ಆರ್ ಅಂದರೆ ಸಿಗ್ನಲನ್ನು ನಾಯ್ಸಿನಿಂದ ಭಾಗಿಸಿದ ಅಂಕಿ, ಅದಕ್ಕೆ ನಾಯ್ಸ್ ಎಷ್ಟು ಅಂತ ಬೇಕು. ಚಿತ್ರದ ಮೂಲೆಯ ಗಾಳಿಯಲ್ಲಿ ಚೌಕ ಎಳೆದು ಸ್ಟ್ಯಾಂಡರ್ಡ್ ಡೀವಿಯೇಷನ್ ತೆಗೀತಾರೆ. ಮ್ಯಾಗ್ನಿಟ್ಯೂಡ್ ಚಿತ್ರದಲ್ಲಿ (ಸಿಗ್ನಲ್‌ನ ಗಾತ್ರ ಮಾತ್ರ ಇಟ್ಟ ಚಿತ್ರ) ಋಣ ಬೆಲೆ ಇರುವುದಿಲ್ಲ, ಹಾಗಾಗಿ ಗಾಳಿಯ ನಾಯ್ಸ್ ರೇಲೀ ಹಂಚಿಕೆಗೆ ಬಿದ್ದು ಕುಗ್ಗುತ್ತದೆ. ಅಲ್ಲಿ ಸಿಗುವುದು ನಿಜವಾದ ನಾಯ್ಸಿನ 0.655ರಷ್ಟು ಮಾತ್ರ. ಅಂಗಾಂಶದ ಸರಾಸರಿ 300, ಗಾಳಿಯಲ್ಲಿ 6.55 ಬಂದರೆ ನೇರ ಭಾಗಾಕಾರ 46 ತೋರಿಸುತ್ತದೆ. ನಿಜದ ನಾಯ್ಸ್ 10, ಎಸ್‌ಎನ್‌ಆರ್ 30. ಈ 0.655 ಕೂಡ ಒಂದೇ ಚಾನೆಲ್‌ನ ಕಾಯಿಲ್‌ಗೆ (ಸಿಗ್ನಲ್ ಹಿಡಿಯುವ ಆಂಟೆನಾ) ಹೇಳಿದ್ದು. ಕಾಯಿಲ್ ಹಲವಾದಾಗ ಅದು ಬದಲಾಗುತ್ತದೆ, ಪ್ಯಾರಲಲ್ ಇಮೇಜಿಂಗ್ (ಹಲವು ಕಾಯಿಲ್ ಬಳಸಿ ಸ್ಕ್ಯಾನ್ ಬೇಗ ಮುಗಿಸುವ ವಿಧಾನ) ಹಾಕಿದ್ದರೆ ನಾಯ್ಸ್ ಜಾಗದಿಂದ ಜಾಗಕ್ಕೇ ಬೇರೆ. ಕೆಲವು ಮೆಷಿನ್‌ಗಳು ಗಾಳಿಯನ್ನು ಸೊನ್ನೆ ಮಾಡಿಯೇ ಕೊಡುತ್ತವೆ. ಆಗ ಎಸ್‌ಎನ್‌ಆರ್ ಅನಂತ. ಇಂಥ ಸ್ಲೈಡು ಮೀಟಿಂಗ್‌ವರೆಗೂ ಬಂದುಬಿಡುತ್ತದೆ.

ಗಟ್ಟಿ ದಾರಿ: ಫ್ಯಾಂಟಮ್ (ರೋಗಿಯ ಬದಲು ಇಡುವ ಪರೀಕ್ಷೆಯ ವಸ್ತು) ಅಲ್ಲಾಡಿಸದೆ, ಸೆಟ್ಟಿಂಗ್ ಮುಟ್ಟದೆ ಎರಡು ಸಲ ಬೆನ್ನುಬೆನ್ನಿಗೆ ಸ್ಕ್ಯಾನ್ ಮಾಡಿ, ಒಂದರಿಂದ ಇನ್ನೊಂದನ್ನು ಕಳೆಯಿರಿ. ಸಿಗ್ನಲ್ ತೆಗೆದ ಅದೇ ಚೌಕದಲ್ಲಿ ವ್ಯತ್ಯಾಸದ ಡೀವಿಯೇಷನ್ ತೆಗೆದು, ಅದರಲ್ಲಿ ಎರಡು ಸ್ಕ್ಯಾನಿನ ನಾಯ್ಸ್ ಸೇರಿರುವುದರಿಂದ, 2ರ ವರ್ಗಮೂಲ 1.414ರಿಂದ ಭಾಗಿಸಿ. ದ್ರವ ತುಂಬಿದ ಫ್ಯಾಂಟಮ್ ಇಟ್ಟ ಕೂಡಲೇ ಶುರು ಮಾಡಬೇಡಿ. ಒಳಗಿನ ನೀರು ನಿಲ್ಲಲು ಸಮಯ ಕೊಡಿ.

ಎಸ್‌ಎಸ್‌ಐಎಮ್ ಬಗ್ಗೆ ಒಂದೇ ಮಾತು. ಎರಡು ಚಿತ್ರಗಳು ಎಷ್ಟು ಹೋಲುತ್ತವೆ ಅಂತ ಹೇಳುವ, ಪೂರ್ತಿ ಒಂದೇ ಇದ್ದರೆ 1 ಕೊಡುವ, 2004ರಲ್ಲಿ ಬಂದ ಈ ಅಳತೆ 11×11 ಕಿಟಕಿಯನ್ನು ಚಿತ್ರದುದ್ದಕ್ಕೂ ಸರಿಸಿ ಸರಾಸರಿ ಕೊಡುತ್ತದೆ. ಅರ್ಧ ಚಿತ್ರ ಬರೀ ಗಾಳಿ ಇದ್ದು ಎರಡರಲ್ಲೂ ಒಂದೇ ಬೆಲೆ ಇದ್ದರೆ ಅಲ್ಲೆಲ್ಲ 1 ಬಿದ್ದು ಅಂಕಿ ಊದುತ್ತದೆ. ದೇಹದ ಮಾಸ್ಕ್ ಹಾಕಿ, ಅಂದರೆ ದೇಹದ ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿದು ಅಳೆಯಿರಿ.

"ನಾಯ್ಸ್ ಕಡಿಮೆಯಾಗಿದೆ ಕಣ್ರೀ, ಆದರೆ ಮೇಣ ಬಳಿದ ಹಾಗಿದೆ" ಅಂತ ರೇಡಿಯಾಲಜಿಸ್ಟ್ ಅಂದರೆ ವಾದ ಬೇಡ, ನಾಯ್ಸ್ ಪವರ್ ಸ್ಪೆಕ್ಟ್ರಮ್ (ಯಾವ ಆವರ್ತನದಲ್ಲಿ ನಾಯ್ಸ್ ಎಷ್ಟಿದೆ ಅನ್ನುವ ಗ್ರಾಫ್) ತೆಗೆಯಿರಿ. ನೀರಿನ ಫ್ಯಾಂಟಮ್‌ನ ಎರಡು ಸ್ಕ್ಯಾನ್ ಕಳೆದು, 64×64ರ ಚೌಕಗಳಿಗೆ ಎಫ್‌ಎಫ್‌ಟಿ (ಚಿತ್ರವನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ) ಹಾಕಿ ವರ್ಗ ಮಾಡಿ. ಡೀವಿಯೇಷನ್ ಇಳಿದಿದ್ದರೂ ಸ್ಪೆಕ್ಟ್ರಮ್‌ನ ಶಿಖರ ಕಡಿಮೆ ಆವರ್ತನದ ಕಡೆ ಜರುಗಿರುವುದು ಕಾಣುತ್ತದೆ. ಸಣ್ಣ ಕಾಳು ಹೋಗಿ ದಪ್ಪ ಮಚ್ಚೆ ಉಳಿದಿದೆ ಅಂತ ಅರ್ಥ. ಒಂದೇ ಚೌಕದ ಗ್ರಾಫ್ ಗರಗಸದ ಹಲ್ಲಿನ ಹಾಗೆ ಬರುತ್ತದೆ, ಹತ್ತಾರು ಚೌಕಗಳ ಸರಾಸರಿ ತೆಗೆದ ಮೇಲೆ ಶಿಖರ ಓದಿ.